ನಾಲ್ಕನೆಯ ನಳಿಕೆಯ ಸೀಸದ ಬಿರಡೆ

೧೯೭೮ನೆಯ ಇಸವಿ ಜೂನ್ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಫಿರಂಗಿ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ದುರ್ಬೀನಪ್ಪನವರು ಒಂದು ಮರದ ಪೆಟ್ಟಿಗೆಯ ಮುಚ್ಚಳ ತೆರೆದರು. ಒಳಗೆ ಆರು ಗುಳಿಗಳು. ಐದರಲ್ಲಿ ನಿಂಬೆಕಾಯಿ ದಪ್ಪದ ಸೀಸದ ಬಿರಡೆಗಳು ಕೂತಿದ್ದವು. ನಾಲ್ಕನೆಯ ಗುಳಿ ಖಾಲಿಯಾಗಿತ್ತು.

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಮಿಕ್ಕೆಲ್ಲೆಡೆ ಅವರು ದುರ್ಬೀನಪ್ಪನವರೇ ಆಗಿದ್ದರು. ಹುಟ್ಟಿದ್ದು ೧೯೨೧ರ ಫೆಬ್ರವರಿ ಎಂಟರಂದು. ಕೆಲಸಕ್ಕೆ ಸೇರಿದ್ದು ೧೯೪೬ರ ಆಗಸ್ಟ್ ಐದು, ಸೋಮವಾರ. ಅಂದಿನಿಂದ ಅವರ ಕೆಲಸ ಒಂದೇ: ಕೊರೆದು ಮುಗಿಸಿದ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೋಡೆಯ ಮೇಲೆ ಬೀಳುವ ನೆರಳಿನ ಉಂಗುರಗಳನ್ನು ನೋಡುವುದು. ಉಂಗುರ ಕೂದಲೆಳೆಯಷ್ಟು ವಾಲಿದರೂ ನಳಿಕೆ ಬಾಗಿದೆ ಎಂದರ್ಥ. ಕಣ್ಣಿನ ಕೆಲಸ ಮುಗಿದ ಮೇಲೆ ಕೈಯ ಕೆಲಸ. ಎಣ್ಣೆ ಸವರಿದ ಸೀಸದ ಬಿರಡೆಯೊಂದನ್ನು ಹಿಂಬದಿಯಿಂದ ತೂರಿಸಿ, ಕೋಲಿನಿಂದ ಮೆಲ್ಲಗೆ ಮುಂಬದಿಗೆ ತಳ್ಳಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಅಂಗೈ ಹೇಳುತ್ತದೆ. ಹೊರಬಿದ್ದ ಬಿರಡೆಯ ಮೇಲೆ ನಳಿಕೆಯ ಸಂಖ್ಯೆ ಕೆತ್ತಿ ಅದರ ಗುಳಿಯಲ್ಲಿಡಬೇಕು. ಕೊನೆಗೆ ನಳಿಕೆಯ ಮೇಲೆ ಅವರ ಮುದ್ರೆ.

ಆ ಮುದ್ರೆ ಬಿದ್ದ ನಳಿಕೆಯನ್ನು ಮತ್ತೊಬ್ಬರು ನೋಡುವಂತಿರಲಿಲ್ಲ. ಯಾವ ಕಾನೂನಿನ ಪುಸ್ತಕದಲ್ಲಿಯೂ ಇಲ್ಲದ ಈ ನಿಯಮ ಹುಟ್ಟಿದ್ದು ೧೯೫೯ರ ನವೆಂಬರ್ ಮೂರರಂದು. ಅವರ ಹೆಂಡತಿಯ ತಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಭಾವನ ಮುದ್ರೆಯಿದ್ದ ನಳಿಕೆಯೊಂದನ್ನು ಅವನು ಕುತೂಹಲಕ್ಕೆ ಬೆಳಕಿಗೆ ಎತ್ತಿ ಹಿಡಿದ. ದುರ್ಬೀನಪ್ಪನವರು ನಲವತ್ತು ಜನರೆದುರು ಅವನ ನೀರಿಳಿಸಿದರು. ಅಂದಿನಿಂದ ಆ ಮುದ್ರೆಯ ತಂಟೆಗೆ ಯಾರೂ ಹೋಗಲಿಲ್ಲ. ಭಾವಮೈದುನನೂ ಹತ್ತೊಂಬತ್ತು ವರ್ಷ ಅಕ್ಕನ ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಭಾವನ ಮುಖಕ್ಕೆ ಮಾತ್ರ ಮುಖ ಕೊಡುತ್ತಿರಲಿಲ್ಲ.

ಈಗ ಅದೇ ಭಾವಮೈದುನ ಪರೀಕ್ಷಾ ಬಯಲಿನಲ್ಲಿ ಹೊಸ ಫಿರಂಗಿಯ ಬದಿಯಲ್ಲಿ ನಿಂತಿದ್ದ. ಆರು ನಳಿಕೆಗಳು ಒಂದೇ ಅಚ್ಚಿನ ಸುತ್ತ ಗಿರಗಿರನೆ ತಿರುಗುತ್ತ, ಸೆಕೆಂಡಿಗೆ ಐವತ್ತು ಗುಂಡು ಉಗುಳುವ ಯಂತ್ರ ಅದು. ಗುಂಡಿನ ಪಟ್ಟಿ ಸರಾಗವಾಗಿ ಹರಿಯುತ್ತಿದೆಯೇ ಎಂದು ನೋಡುವವನಿಗೆ ಒಂದು ತಗಡಿನ ಪರದೆಯಷ್ಟೇ ಮರೆ. ಬಿರಡೆ ಸಿಕ್ಕಿಕೊಂಡ ನಳಿಕೆಗೆ ಮೊದಲ ಗುಂಡು ಬಂದರೆ ಅದು ಸೀಳುತ್ತದೆ. ಆಮೇಲೆ ತಗಡು ಏನೂ ಮಾಡಲಾರದು. ಹನ್ನೊಂದು ಗಂಟೆಗೆ ಪರೀಕ್ಷೆ.

ಅವರು ಕಣ್ಣು ಮುಚ್ಚಿ ಜೂನ್ ಒಂಬತ್ತನೆಯ ತಾರೀಖನ್ನು ನೆನಪಿಗೆ ತಂದುಕೊಂಡರು. ಶುಕ್ರವಾರ. ನಾಲ್ಕನೆಯ ನಳಿಕೆಯೊಳಗೆ ಬಿರಡೆ ಅರ್ಧ ದಾರಿಯಲ್ಲಿದ್ದಾಗ ಕಚೇರಿಯ ಗುಮಾಸ್ತ ಒಂದು ಪತ್ರ ತಂದಿದ್ದ. ಪರೀಕ್ಷೆ 'ಹದಿನಾಲ್ಕು, ಗುರುವಾರ' ಎಂದು ಅದರಲ್ಲಿ ಬೆರಳಚ್ಚಾಗಿತ್ತು. ಹದಿನಾಲ್ಕು ಬುಧವಾರವಲ್ಲವೇ ಎಂದು ಅವರು ಕೋಲನ್ನು ಗೋಡೆಗೆ ಒರಗಿಸಿ, ಗುಮಾಸ್ತನ ಹಿಂದೆಯೇ ಕಚೇರಿಗೆ ಹೋಗಿ, ಒಂದು ಗಂಟೆ ಕಾಲ ವಾದಿಸಿ, ಪತ್ರ ತಿದ್ದಿಸಿಯೇ ಮರಳಿದ್ದರು. ಗೆದ್ದ ಹುಮ್ಮಸ್ಸಿನಲ್ಲಿ ಮುದ್ರೆ ಒತ್ತಿದ್ದು ನೆನಪಿತ್ತು. ಕೋಲನ್ನು ಮತ್ತೆ ಹಿಡಿದದ್ದು ನೆನಪಿರಲಿಲ್ಲ. ಸಂಜೆಯೇ ನಳಿಕೆಗಳ ಬಾಯಿಗೆ ಗ್ರೀಸು ಮೆತ್ತಿ ಮುಚ್ಚಳ ಹಾಕಿದ್ದರು. ಬಯಲಿನವರು ಮುಚ್ಚಳ ತೆಗೆದು ಬಾಯಿ ಒರೆಸುತ್ತಾರೆಯೇ ಹೊರತು ಒಳಗೆ ಇಣುಕುವುದಿಲ್ಲ. ಇಣುಕಕೂಡದೆಂದು ಕಲಿಸಿದವರು ಇವರೇ.

ಫೋನು ಎತ್ತಿದರು. ಪರೀಕ್ಷೆಗೆ ಅರ್ಧ ಗಂಟೆ ಮುಂಚೆಯೇ ಬಯಲಿನ ಫೋನನ್ನು ತೆಗೆದಿಡುವುದು ರೂಢಿ. ಕುಂಯ್ ಎನ್ನುವ ಸದ್ದಷ್ಟೇ ಕೇಳಿತು. ಬಾಗಿಲ ಬಳಿ ಯಾರದೋ ಸೈಕಲ್ಲಿತ್ತು. ಯಾರದೆಂದು ಕೇಳದೆ ಒಂದು ವಸ್ತುವನ್ನು ಅವರು ಮುಟ್ಟಿದ್ದು ಬಹುಶಃ ಅದೇ ಮೊದಲು.

ಎರಡು ಕಿಲೋಮೀಟರ್ ದಾರಿ. ಅರ್ಧಕ್ಕೆ ಬರುವಾಗ ಬಯಲಿನ ಮೊದಲ ಎಚ್ಚರಿಕೆ ಗಂಟೆ ಹೊಡೆಯಿತು. ಐವತ್ತೇಳು ವರ್ಷದ ಕಾಲುಗಳು ಮಾತು ಕೇಳುತ್ತಿರಲಿಲ್ಲ. ಪ್ಯಾಂಟು ಚೈನಿಗೆ ಸಿಕ್ಕಿ ಹರಿಯಿತು. ಗೇಟು ಕಣ್ಣಿಗೆ ಬೀಳುವಷ್ಟರಲ್ಲಿ ಎರಡನೆಯ ಗಂಟೆಯೂ ಆಯಿತು. ಮೂರನೆಯದಕ್ಕೆ ಗುಂಡು.

ಕಾವಲುಗಾರ ಕೈ ಅಡ್ಡ ಹಿಡಿದ.

"ಯಜಮಾನ್ರೇ, ಈಗ ನಮ್ಮಪ್ಪ ಬಂದ್ರೂ ಒಳಗೆ ಬಿಡೋ ಹಾಗಿಲ್ಲ. ನಿಯಮ ನಿಮಗೆ ಗೊತ್ತಿಲ್ದೇ ಇರುತ್ತಾ?"

ಗೊತ್ತಿತ್ತು. ನಿಯಮವೇ ಅವರಿಗೆ ಉಳಿದಿದ್ದ ಒಂದೇ ದಾರಿ. ಗೇಟಿನ ಹಲಗೆಯ ಮೇಲೆ ಹನ್ನೆರಡು ಹಿತ್ತಾಳೆ ಬಿಲ್ಲೆಗಳು ತೂಗುತ್ತಿದ್ದವು. ಫಿರಂಗಿಯ ಮುಂದೆ, ಗುಂಡು ಹಾರುವ ಕಡೆಗೆ ಇಳಿಯುವವನು ಒಂದನ್ನು ಕಿತ್ತುಕೊಳ್ಳಬೇಕು, ಮರಳಿದಾಗ ತೂಗುಹಾಕಬೇಕು. ಹನ್ನೆರಡನ್ನೂ ಎಣಿಸಿದ ಮೇಲೆಯೇ ಕಾವಲುಗಾರ ಗುಂಡಿ ಒತ್ತುವುದು. ಅದರ ಹಸಿರು ದೀಪ ಹತ್ತದೆ ಮೂರನೆಯ ಗಂಟೆ ಇಲ್ಲ. ಏದುಸಿರಿನಲ್ಲಿ ಮಾತು ಹೊರಡದಿದ್ದರೂ ದುರ್ಬೀನಪ್ಪನವರು ಕೈ ಚಾಚಿ ಒಂದು ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

"ಒಳಗೆ ಬಿಡಬೇಡ," ಎಂದರು, ಉಸಿರು ತಿರುಗಿದ ಮೇಲೆ. "ಎಣಿಸು."

ಕಾವಲುಗಾರ ಹಲಗೆಯನ್ನು ನೋಡಿದ, ಅವರ ಜೇಬನ್ನು ನೋಡಿದ. ಅವನ ಬೆರಳು ಗುಂಡಿಯಿಂದ ಹಿಂದೆ ಸರಿಯಿತು.

ಹನ್ನೊಂದಾಯಿತು. ಗಂಟೆ ಹೊಡೆಯಲಿಲ್ಲ. ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಮುಖ್ಯ ಇಂಜಿನಿಯರ್ ಕೆಂಡಾಮಂಡಲವಾಗಿ ಗೇಟಿಗೆ ಬಂದರು. ಪರೀಕ್ಷೆ ನೋಡಲು ದೂರದಿಂದ ಬಂದ ದೊಡ್ಡವರು ಕುರ್ಚಿಗಳಲ್ಲಿ ಕಾಯುತ್ತಿದ್ದರು. ನಾಲ್ಕನೆಯ ನಳಿಕೆಯನ್ನು ಬಿಚ್ಚಿ ನೋಡಬೇಕು ಎಂದು ದುರ್ಬೀನಪ್ಪನವರು ಹೇಳಿದಾಗ ಇಂಜಿನಿಯರಿಗೆ ತಲೆಬುಡ ತಿಳಿಯಲಿಲ್ಲ.

"ಅದರ ಮೇಲೆ ನಿಮ್ಮ ಮುದ್ರೆ ಇದೆಯಲ್ರೀ?"

"ಇದೆ ಸರ್. ಅದರ ಮೇಲೆ ನನಗೇ ನಂಬಿಕೆ ಇಲ್ಲ."

ಗುಂಡಿನ ಪಟ್ಟಿಯನ್ನು ಕಳಚಿ, ಮುಂದಿನ ಬಿಗಿಪಟ್ಟಿಯನ್ನು ಸಡಿಲಿಸಿ, ನಳಿಕೆಯನ್ನು ಹೊರಗೆಳೆಯಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಕುರ್ಚಿಗಳ ಕಡೆಯಿಂದ ಗುಸುಗುಸು ಕೇಳುತ್ತಿತ್ತು. ಬಿರಡೆ ಒಳಗಿಲ್ಲದೆ ಎಲ್ಲೋ ಮೇಜಿನ ಕೆಳಗೆ ಉರುಳಿದ್ದರೆ, ಮುದುಕನಿಗೆ ಅರಳುಮರಳು ಎಂದು ಸಂಜೆಯೊಳಗೆ ಕಾರ್ಖಾನೆಯೆಲ್ಲ ನಗುತ್ತದೆ. ಮೂವತ್ತೆರಡು ವರ್ಷದ ಮುದ್ರೆಗೆ ಮೂರು ಕಾಸಿನ ಬೆಲೆಯಿರುವುದಿಲ್ಲ. ಹಾಗಾದರೂ ಆಗಲಿ ಎಂದು ಆ ಇಪ್ಪತ್ತೆರಡು ನಿಮಿಷವೂ ಅವರು ಬೇಡಿಕೊಂಡರು.

ಭಾವಮೈದುನ ನಳಿಕೆಯನ್ನು ಎರಡು ಕೈಯಲ್ಲಿ ಹೊತ್ತು ತಂದು ಅವರ ಮುಂದೆ ಚಾಚಿದ.

"ನೋಡಿ, ಭಾವ."

"ನೀನೇ ನೋಡು."

ಅವನು ಅಲುಗಲಿಲ್ಲ. ಕೈ ತುಂಬ ಗ್ರೀಸು, ಮುಖದಲ್ಲಿ ಹತ್ತೊಂಬತ್ತು ವರ್ಷದ ಹಳೆಯ ಬಿಗುವು.

"ಮುದ್ರೆ ಬಿದ್ದಿದೆ. ಬಿದ್ದ ಮೇಲೆ ನೋಡೋಕೆ ನಾನ್ಯಾರು?"

"ಅಂದದ್ದು ನಾನೇ. ಇವತ್ತು ನೋಡು ಅನ್ನೋನೂ ನಾನೇ."

ಅವನು ನಳಿಕೆಯನ್ನು ಆಕಾಶದತ್ತ ಎತ್ತಿ ಕಣ್ಣಿಗೆ ಹಚ್ಚಿದ. ಹಚ್ಚಿದವನು ಬಹಳ ಹೊತ್ತು ಹಾಗೆಯೇ ನಿಂತ. ಕೊನೆಗೆ ನಳಿಕೆಯನ್ನು ಇಳಿಸಿ, ತಾನು ಅಷ್ಟು ಹೊತ್ತು ನಿಂತಿದ್ದ ತಗಡಿನ ಪರದೆಯನ್ನೊಮ್ಮೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ ಹೇಳಿದ:

"ಬೆಳಕಿಲ್ಲ, ಭಾವ."

ದುರ್ಬೀನಪ್ಪನವರು ಕೋಲು ತರಿಸಿ ತಳ್ಳಿದಾಗ ಸೀಸದ ಬಿರಡೆ ಠಪ್ಪೆಂದು ನೆಲಕ್ಕೆ ಬಿತ್ತು. ಅದರ ಮೇಲೆ ಸಂಖ್ಯೆ ಇನ್ನೂ ಕೆತ್ತಿರಲಿಲ್ಲ.

ದೊಡ್ಡವರ ಮುಂದೆ ಮಾನ ಉಳಿಯಲೆಂದು ಇಂಜಿನಿಯರ್ ಒಂದು ಉಪಾಯ ಹೇಳಿದರು. ಮಾಮೂಲು ಮರುತಪಾಸಣೆಯಲ್ಲಿ ದೊರೆಯಿತು ಎಂದು ಬರೆದರೆ ಸಾಕು, ಯಾರಿಗೂ ತೊಂದರೆಯಿಲ್ಲ. ದುರ್ಬೀನಪ್ಪನವರು ಬೇಡವೆಂದು ತಲೆಯಾಡಿಸಿ, ದಫ್ತರ ತರಿಸಿಕೊಂಡು ತಮ್ಮ ಕೈಯಾರೆ ಬರೆದರು: ತಾರೀಖು, ವಾರ, ಗಂಟೆ, ನಿಮಿಷ, ನಳಿಕೆಯ ಸಂಖ್ಯೆ, ತಪ್ಪು ಯಾರದೆಂಬುದು. ಆಮೇಲೆ ಅಳತೆಪಟ್ಟಿ ಇಟ್ಟು, ತಮ್ಮ ಸಹಿಯ ಪಕ್ಕಕ್ಕೆ ಇನ್ನೊಂದು ಕಾಲಮ್ಮು ಎಳೆದು, ಮೇಲೆ 'ಎರಡನೆಯ ಕಣ್ಣು' ಎಂದು ಬರೆದು, ಲೇಖನಿಯನ್ನು ಭಾವಮೈದುನನ ಕೈಗಿತ್ತರು.

ಅವನು ಉಳಿದ ಐದು ನಳಿಕೆಗಳನ್ನೂ ಬಿಚ್ಚಿಸಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಬಂದ. ಯಾರೂ ಅವನನ್ನು ಅವಸರಪಡಿಸಲಿಲ್ಲ. ಸಹಿ ಹಾಕಲು ಬಗ್ಗಿದವನು ತಲೆಯೆತ್ತಿ, ಬಹಳ ವರ್ಷಗಳ ಮೇಲೆ ಭಾವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ:

"ಇವತ್ತು ತಾರೀಖು ಎಷ್ಟು, ಭಾವ?"

"ಹದಿನಾಲ್ಕು. ಬುಧವಾರ," ಎಂದರು ದುರ್ಬೀನಪ್ಪನವರು. ಆಮೇಲೆ, "ಯಾವುದಕ್ಕೂ ಇನ್ನೊಬ್ಬರನ್ನ ಕೇಳು," ಎಂದರು.