ಹತ್ತು ಎಣಿಸುವಷ್ಟು ಶ್ರುತಿ

ನನ್ನ ಅಪ್ಪ ಗುದ್ಲೆಪ್ಪ ಬದುಕಿಡೀ ಒಂದೇ ಒಂದು ಸ್ವರ ಊದಿದ. ಹೀಗೆಂದರೆ ಎಲ್ಲರೂ ಮೊದಲು ನಗುತ್ತಾರೆ. ನಾನು ಕಲಿಸುವ ಕನ್ನಡ ಶಾಲೆಯ ಮಾಸ್ತರರೂ ನಕ್ಕಿದ್ದಾರೆ. ನಗಲಿ. ನಕ್ಕು ಮುಗಿದ ಮೇಲೆ ಬಾಯಿ ಮುಚ್ಚಿಕೊಂಡು ಇದನ್ನು ಪೂರ್ತಿ ಕೇಳಲಿ.

ನಾವು ಹಾನಗಲ್ಲಿನ ಭಜಂತ್ರಿ ಮನೆಯವರು. ಮದುವೆ, ಗುಡಿ, ಮೆರವಣಿಗೆ ಎಲ್ಲಕ್ಕೂ ಸನಾದಿ ಊದುವುದು ಕಸುಬು. ಸನಾದಿಯ ಮೇಳದಲ್ಲಿ ಊದುವವರು ಇಬ್ಬರು. ಒಬ್ಬ ರಾಗ ನುಡಿಸುತ್ತಾನೆ, ಇನ್ನೊಬ್ಬ ಶ್ರುತಿ ಹಿಡಿಯುತ್ತಾನೆ. ಅವನು ಊದುವ ಒಂದೇ ಸ್ವರದ ಕೊಳವೆಗೂ ಶ್ರುತಿ ಎಂದೇ ಹೆಸರು. ರಾಗದವನು ನಡುವೆ ನಿಲ್ಲಬಹುದು, ತುಟಿ ಒರೆಸಿಕೊಳ್ಳಬಹುದು, ಭೇಷ್ ಎಂದವರ ಕಡೆ ನೋಡಿ ತಲೆಯಾಡಿಸಬಹುದು. ಶ್ರುತಿಯವನಿಗೆ ಅದೊಂದೂ ಇಲ್ಲ. ಮೂಗಿನಿಂದ ಉಸಿರೆಳೆದು ಗಲ್ಲದಲ್ಲಿ ತುಂಬಿಕೊಂಡು ಅದೇ ಸ್ವರವನ್ನು ಕಡಿಯದೆ ಊದುತ್ತಿರಬೇಕು. ರಾಗಕ್ಕಿಂತ ಮೊದಲು ಹಿಡಿಯಬೇಕು. ರಾಗ ಮುಗಿದ ಮೇಲೂ ಹತ್ತು ಎಣಿಸುವಷ್ಟು ಹೊತ್ತು ಹಿಡಿದೇ ಬಿಡಬೇಕು. ಇದು ನಮ್ಮ ಮನೆತನದ ಕಟ್ಟಳೆ. ಮದುವೆಯಲ್ಲಂತೂ ಅಕ್ಕಿಕಾಳು ಬಿದ್ದ ಮೇಲೆ ಶ್ರುತಿ ನಿಲ್ಲುವ ತನಕ ಮದುಮಕ್ಕಳು ಮಣೆ ಬಿಟ್ಟು ಏಳುತ್ತಿರಲಿಲ್ಲ. ಎದ್ದರೆ ಸಂಸಾರ ಅರ್ಧಕ್ಕೇ ನಿಲ್ಲುತ್ತದೆಂದು ಜನರ ಅಂಜಿಕೆ.

ಅಜ್ಜ ಇಬ್ಬರು ಮಕ್ಕಳಿಗೂ ರಾಗ ಕಲಿಸಿದ್ದ. ಹಿರಿಯ ನನ್ನ ಅಪ್ಪ, ಕಿರಿಯ ಕರಬಸಪ್ಪ ಕಾಕಾ. ಹಿರಿಯನಿಗೆ ಉಸಿರು ಹೆಚ್ಚು ಎಂದು ಅಜ್ಜ ಶ್ರುತಿಯನ್ನು ಅಪ್ಪನ ಕೈಗೆ ಕೊಟ್ಟ. ಉಸಿರು ಹೆಚ್ಚಿದ್ದ ತಪ್ಪಿಗೆ ಅಪ್ಪ ಇಪ್ಪತ್ತೈದು ವರ್ಷ ತಮ್ಮನ ಎಡಕ್ಕೆ, ಒಂದು ಗೇಣು ಹಿಂದೆ ಕೂತ. ಹೆಸರೆಲ್ಲ ಕಾಕಾನದಾಯಿತು. ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಎಲ್ಲಿ ಹೋದರೂ ‘ಕರಬಸಪ್ಪನ ಸನಾದಿ’.

ಮೂವತ್ತೆಂಟನೆಯ ಇಸವಿಯಲ್ಲಿ ಮುಂಬಯಿಯ ಒಂದು ಗ್ರಾಮಾಫೋನ್ ಕಂಪನಿಯವರು ಹುಬ್ಬಳ್ಳಿಗೆ ಬಂದು ಬಾಡಿಗೆ ಮನೆಯೊಂದರ ಗೋಡೆಗಳಿಗೆಲ್ಲ ಕೌದಿ ಹೊದಿಸಿ ಪ್ಲೇಟುಗಳಿಗೆ ಹಾಡು ಹಿಡಿಯತೊಡಗಿದರು. ಕಾಕಾನಿಗೂ ಕರೆ ಬಂತು. ಕಾಕಾ, ಅಪ್ಪ, ಸಮ್ಮೇಳವೆಂಬ ಜೋಡಿ ಚರ್ಮವಾದ್ಯ ಬಾರಿಸುವ ಸವಣೂರಿನ ದಿಲಾವರ, ಮೂವರೂ ಮೋಟಾರು ಹತ್ತಿದರು. ಅಲ್ಲಿ ಆದದ್ದನ್ನೆಲ್ಲ ನನಗೆ ಹೇಳಿದವನು ದಿಲಾವರ. ಅಪ್ಪ ಇಂಥದ್ದನ್ನು ಹೇಳುವವನಲ್ಲ.

ಸಮ್ಮೇಳದ ಏಟಿಗೆ, ಹಾಡು ಕೊರೆಯುವ ಮೇಣದ ತಟ್ಟೆಯ ಮೇಲಿನ ಮುಳ್ಳು ಹಾರುತ್ತದೆಂದು ದಿಲಾವರನನ್ನು ಮೂಲೆಯಲ್ಲಿ ಕೂರಿಸಿದರು. ಒಬ್ಬನೇ ನುಡಿಸಿದ ಪ್ಲೇಟುಗಳಿಗೆ ಗಿರಾಕಿ ಹೆಚ್ಚು ಎಂದು ಕಂಪನಿಯ ಮನುಷ್ಯ ಹೇಳಿ, ಅಪ್ಪನತ್ತ ಬೊಟ್ಟು ಮಾಡಿ ಇವನ ಕೆಲಸವೇನು ಎಂದು ಕೇಳಿದ. ಆಗ ಕಾಕಾ ಆಡಿದ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಉರಿಯುತ್ತದೆ.

“ಅವ ಸುಮ್ನ ಊದತಾನ್ರಿ.”

ಅಪ್ಪ ಅಲ್ಲೇ ಇದ್ದ. ಊದುವ ಪೀಪಿಯನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದವನು ಅದನ್ನು ತೆಗೆದು ಶ್ರುತಿಯ ತುದಿಗೆ ಸಿಕ್ಕಿಸಿದನಂತೆ.

ಕೆಂಪು ದೀಪ ಹತ್ತಿದಾಗ ಶುರು ಮಾಡಬೇಕು, ಕಂಪನಿಯವನು ಕೈ ಇಳಿಸಿದಾಗ ಇಬ್ಬರೂ ಒಟ್ಟಿಗೆ ನಿಲ್ಲಿಸಬೇಕು ಎಂದು ಹೇಳಿದ್ದರು. ಮೂರು ನಿಮಿಷದ ಆಟ. ಕೈ ಇಳಿಯಿತು, ಕಾಕಾ ನಿಲ್ಲಿಸಿದ. ಅಪ್ಪ ನಿಲ್ಲಿಸಲಿಲ್ಲ. ಹಟದಿಂದಲ್ಲ, ರಾಗದ ಜೊತೆಗೇ ಶ್ರುತಿ ಬಿಡುವುದು ಅವನ ಮೈಗೇ ಗೊತ್ತಿರಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಊದಿ, ಕಣ್ಣು ತೆರೆದು ನೋಡಿದರೆ ಕಂಪನಿಯವನು ಹಲ್ಲು ಕಡಿಯುತ್ತಿದ್ದ. ಅದು ಅವರಲ್ಲಿದ್ದ ಕೊನೆಯ ಮೇಣದ ತಟ್ಟೆ. ಬೈದುಕೊಳ್ಳುತ್ತಲೇ ಅದನ್ನೇ ಉಳಿಸಿಕೊಂಡರು.

ಆರು ತಿಂಗಳ ಮೇಲೆ ಪ್ಲೇಟು ಬಂತು. ಹಾಕಿ ಕೇಳಲು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಯಂತ್ರವಿಲ್ಲ. ನಡುವಿನ ಕಾಗದದ ಮೇಲೆ ಏನು ಬರೆದಿದೆ ಎಂದು ನೋಡುವುದಷ್ಟೇ ಸಾಧ್ಯ, ಅದಕ್ಕೂ ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳು. ಒಂಬತ್ತು ವರ್ಷದ ನಾನು ದೊಡ್ಡ ದನಿ ತೆಗೆದು ‘ಸನಾದಿ. ಕರಬಸಪ್ಪ, ಹಾನಗಲ್ಲ’ ಎಂದು ಓದಿದೆ.

“ಮುಂದ ಓದು,” ಎಂದ ಅಪ್ಪ.

“ಮುಂದ ಏನೂ ಇಲ್ಲಪ್ಪ.”

ಅವನು ಪ್ಲೇಟನ್ನು ಮಗುಚಿ ಹಿಡಿದ. ಆ ಕಡೆಯೂ ಅಷ್ಟೇ ಇತ್ತು. ಕಾಕಾ ಅಂಗಳಕ್ಕೆ ಎದ್ದುಹೋದ. ನಾನು ಓದಲು ಕಲಿತದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂದದ್ದು ಅವತ್ತೊಂದೇ ದಿನ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪನೇ ಅವ್ವನಿಗೆ ಸಮಾಧಾನ ಹೇಳಿದ. ಕಾಗದದ ಮೇಲೆ ಹೆಸರಿಲ್ಲದಿದ್ದರೆ ಹೋಗಲಿ, ರಾಗ ನಿಂತ ಮೇಲೆ ಪ್ಲೇಟಿನ ಕೊನೆಯಲ್ಲಿ ತಾನೊಬ್ಬನೇ ಇದ್ದೇನೆ, ಅದನ್ನು ಯಾರೂ ಅಳಿಸಲಾರರು ಎಂದ. ಮೂರು ವರ್ಷ ಅದೊಂದನ್ನೇ ನಂಬಿಕೊಂಡು ತಮ್ಮನ ಹಿಂದೆ ಕೂತ. ಎಂದಾದರೂ ಒಮ್ಮೆ ಅದು ನಾಲ್ಕು ಜನರ ನಡುವೆ ಕೇಳಿಬರಬೇಕು ಎನ್ನುವುದಷ್ಟೇ ಅವನ ಆಸೆ.

ನಲವತ್ತೊಂದರಲ್ಲಿ ಹಿರೇಕೆರೂರಿನ ಹತ್ತಿ ವ್ಯಾಪಾರಿ ಪರಮೇಶಪ್ಪನವರ ಮಗಳ ಮದುವೆ. ಅವ್ವನೂ ನಾನೂ ಹೋಗಿದ್ದೆವು. ನಮ್ಮವರು ಕೂರುವುದು ಹಂದರದ ಹೊರಗಿನ ಕಟ್ಟೆಯ ಮೇಲೆ. ಸಾವ್ಕಾರರು ಹೊಸ ಗ್ರಾಮಾಫೋನ್ ತರಿಸಿದ್ದರು. ಬೀಗರಿಗೆ ತೋರಿಸಬೇಕಲ್ಲ! ನಡುಹಂದರದಲ್ಲಿ ಜಮಖಾನ ಹಾಸಿ, ಅದರ ಮೇಲೆ ಯಂತ್ರವಿಟ್ಟು ಕಾಕಾನ ಪ್ಲೇಟು ಹಾಕಿದರು. ಊದಿದವರು ಹೊರಗೆ, ಊದಿದ್ದು ಒಳಗೆ. ಆ ಅನ್ಯಾಯ ಯಾರ ಕಣ್ಣಿಗೂ ಬೀಳಲಿಲ್ಲ.

ಅಪ್ಪ ಎದ್ದು ಹಂದರದ ಕಂಬ ಹಿಡಿದು ನಿಂತ. ರಾಗ ಮುಗಿಯಿತು. ಅಪ್ಪ ಉಸಿರು ಹಿಡಿದ. ಸಾವ್ಕಾರರು ಟಕ್ಕನೆ ಮುಳ್ಳು ಎತ್ತಿದರು.

ಜನ ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಅದೇ ಜಾಗದಲ್ಲಿ ಮುಳ್ಳು ಎತ್ತಿದರು. ಅಪ್ಪ ಹುಟ್ಟಿದಾಗಿನಿಂದ ಯಾವ ಸಾವ್ಕಾರನ ಎದುರೂ ಬಾಯಿ ತೆರೆದವನಲ್ಲ. ಅವತ್ತು ತೆರೆದ. “ಮುಳ್ಳು ಎತ್ತಬ್ಯಾಡ್ರಿ. ಇನ್ನೂ ಮುಗದಿಲ್ರಿ.”

“ಮುಗೀತಲ್ಲೋ. ಇನ್ನ ಬರೇ ಗುಂಯ್ ಅಂತೈತಿ, ಅದನ್ನೇನು ಕೇಳೂದು?” ಎಂದರು ಸಾವ್ಕಾರರು. ಹಂದರವೆಲ್ಲ ನಕ್ಕಿತು. ಅದರೊಳಗೆ ನಮ್ಮಣ್ಣನೂ ಇದ್ದಾನೆ ಎಂದು ಕಾಕಾ ಒಂದು ಮಾತು ಹೇಳಬಹುದಿತ್ತು. ತಲೆ ತಗ್ಗಿಸಿ ಪೀಪಿ ಸರಿಮಾಡುತ್ತ ಕೂತಿದ್ದ, ಪುಣ್ಯಾತ್ಮ.

ಮುಹೂರ್ತ ಬಂತು. ಅಪ್ಪ ಶ್ರುತಿ ಹಿಡಿದ, ಕಾಕಾ ನುಡಿಸಿದ, ಅಕ್ಕಿಕಾಳು ಬಿದ್ದವು. ಕಾಕಾ ನಿಲ್ಲಿಸಿದ. ಹತ್ತು ಎಣಿಸುವಷ್ಟು ಹೊತ್ತಾಯಿತು. ಇಪ್ಪತ್ತಾಯಿತು. ಅಪ್ಪ ಬಿಡಲಿಲ್ಲ.

ಮದುಮಗಳು ಬಾಸಿಂಗದ ಭಾರಕ್ಕೆ ಕತ್ತು ಬಾಗಿಸಿ ಕೂತಿದ್ದಳು. ಏಳುವಂತಿಲ್ಲ. ಮದುವೆ ಮಾಡಿಸುವ ಅಯ್ಯನವರು ಸಾವ್ಕಾರರ ಮುಖ ನೋಡಿದರು. ಪಂಕ್ತಿಯಲ್ಲಿ ಬಡಿಸಿದ ಅನ್ನ ಆರುತ್ತಿತ್ತು. ಮಂಗಳವಾದ್ಯವನ್ನು ಬಾಯಿಂದ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಸಾವ್ಕಾರರು ಹೊರಬಂದು ಮೊದಲು ಗದರಿಸಿದರು, ಆಮೇಲೆ ಸಮಾಧಾನದ ಮಾತಾಡಿದರು, ಕೊನೆಗೆ ಬೇಡಿಕೊಂಡರು. ಅಪ್ಪನ ಕಣ್ಣು ಕೆಂಪಾಗಿ ಕತ್ತಿನ ನರಗಳು ಉಬ್ಬಿದ್ದವು. ಅವ್ವ ಅಳುತ್ತಿದ್ದಳು. ನಾನು ಅಳಲಿಲ್ಲ. ಬಿಡಬೇಡ ಅಪ್ಪ, ಬಿಡಬೇಡ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ.

ಕಾಲು ತಾಸು ಕಳೆದ ಮೇಲೆ ಕಾಕಾನ ಬಾಯಿ ಬಿಚ್ಚಿತು. “ಪ್ಲೇಟು ಹಚ್ಚ್ರಿ ಸಾವ್ಕಾರ್ರ. ಪೂರಾ ಹಚ್ಚ್ರಿ. ಅಲ್ಲೀತನಕ ಅಣ್ಣ ಬಿಡಂಗಿಲ್ಲ.”

ಪ್ಲೇಟು ತಿರುಗಿತು. ಅದರೊಳಗಿನ ಶ್ರುತಿ ಕೇಳಿಬಂದ ಮೇಲೆಯೇ ಅಪ್ಪ ಬಾಯಿಂದ ಶ್ರುತಿ ತೆಗೆದ. ಮೂರು ನಿಮಿಷ ರಾಗ ನಡೆಯಿತು, ನಿಂತಿತು. ಈ ಸಲ ಯಾರೂ ಮುಳ್ಳು ಮುಟ್ಟಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಆ ಇಡೀ ಹಂದರ ಉಸಿರು ಬಿಗಿಹಿಡಿದು ನನ್ನ ಅಪ್ಪನೊಬ್ಬನನ್ನೇ ಕೇಳಿತು. ಆಮೇಲೆ ಮುಳ್ಳು ಕರಕರ ಎಂದಿತು, ಮದುಮಕ್ಕಳು ಎದ್ದರು. ಯಾರೋ ಹಿಂದಿನಿಂದ ಇಷ್ಟಕ್ಕೇನಾ ಇಷ್ಟು ರಂಪ ಎಂದರು, ಮತ್ತೆ ನಗೆ ಹರಡಿತು.

ಅಪ್ಪ ಶ್ರುತಿಯನ್ನು ಒರೆಸಿ, ಅರಿವೆಯಲ್ಲಿ ಸುತ್ತಿ, ತಮ್ಮನ ತೊಡೆಯ ಮೇಲಿಟ್ಟ.

“ಇನ್ನ ಒಬ್ಬನ ಊದು. ಪ್ಲೇಟಿನ ಮ್ಯಾಲೆ ಹಂಗ ಬರದೈತಿ.”

ಮತ್ತೆ ಅದನ್ನು ಮುಟ್ಟಲಿಲ್ಲ. ಬುಟ್ಟಿ ಹೆಣೆದ, ಬೇರೆಯವರ ಗದ್ದೆಯಲ್ಲಿ ಭತ್ತ ಕೊಯ್ದ. ಹಿರೇಕೆರೂರಿನ ಕಡೆಯಿಂದ ನಮ್ಮ ಮನೆಗೆ ಊದಲು ಕರೆಯುವ ವೀಳ್ಯ ಮತ್ತೆ ಬರಲಿಲ್ಲ. ಕಾಕಾ ಶ್ರುತಿಗೆಂದು ಹಾರ್ಮೋನಿಯಂ ಇಟ್ಟುಕೊಂಡ. ಮೊದಲಿನ ಹಾಗೆ ಇಲ್ಲ ಎಂದು ಜನ ಹೇಳುತ್ತಿದ್ದರು. ಇಲ್ಲದ್ದು ಏನು ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ನಲವತ್ತೇಳರ ಚಳಿಗಾಲದಲ್ಲಿ ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ. ಹೆಣ ಎತ್ತುವಾಗ ಕಾಕಾ ಸನಾದಿ ತರಲಿಲ್ಲ. ಅರಿವೆ ಬಿಚ್ಚಿ ಅಪ್ಪನ ಶ್ರುತಿಯನ್ನು ತೆಗೆದ. ರಾಗವಿಲ್ಲ, ಬೇರೇನೂ ಇಲ್ಲ, ಓಣಿಯಿಂದ ಕೆರೆಯ ಏರಿಯವರೆಗೆ ಅದೊಂದೇ ಸ್ವರ ಊದುತ್ತ ಚಟ್ಟದ ಹಿಂದೆ ನಡೆದ. ಕಡಿಯದೆ ಊದುವುದು ಅವನಿಗೆ ಬರುತ್ತಿರಲಿಲ್ಲ. ನೂರು ಹೆಜ್ಜೆಗೊಮ್ಮೆ ಸ್ವರ ಕಡಿಯುತ್ತಿತ್ತು, ಏರಿ ಹತ್ತುವಾಗ ಪೂರಾ ನಿಂತಿತು, ಏದುಸಿರು ಬಿಡುತ್ತ ಮತ್ತೆ ಹಿಡಿದ. ನನಗೆ ಕರುಣೆ ಬರಲಿಲ್ಲ. ಬದುಕಿದ್ದಾಗ ಕೊಡದಿದ್ದನ್ನು ಹೆಣಕ್ಕೆ ಕೊಡುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು.

ಎದುರಿಗೆ ಬಂದ ಊರಗೌಡರು ದಾರಿ ಬಿಟ್ಟು ನಿಂತು, ಇಂಥ ದೊಡ್ಡ ಸನಾದಿಯವನು ಇದೇನು ನುಡಿಸುತ್ತಿದ್ದಾನೆಂದು ನನ್ನನ್ನು ಕೇಳಿದರು.

ಕಾಕಾನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ. “ಏನಿಲ್ರಿ. ಅವ ಸುಮ್ನ ಊದತಾನ್ರಿ.”