ಅಮುಕಕ್ಕ ಮತ್ತು ಅವಳ ತಮ್ಮ

ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮ್ಯಾಚಿನ ಮರುದಿನ ಹುಡುಗರು ಹೆದರುತ್ತಿದ್ದುದು ಕೋಚಿಗಲ್ಲ, ಅಮುಕಕ್ಕನಿಗೆ. ಅವಳು ನಮ್ಮ ಫಿಸಿಯೋ. ಕಿಟಕಿಯಿಲ್ಲದ ಒಂದು ರೂಮು, ಅದರಲ್ಲೊಂದು ಬೆಂಚು, ಐಸ್ ಡಬ್ಬ, ಮುಳ್ಳಿನ ಮೀಟರು ಜೋಡಿಸಿದ ಗಾಳಿಚೀಲ, ಇಷ್ಟೇ ಅವಳ ಸಂಸಾರ. ಆಟಗಾರ ಅಂಗಾತ ಮಲಗಿ ಆ ಚೀಲವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಶಕ್ತಿಯಿದ್ದಷ್ಟೂ ಒತ್ತಬೇಕು. "ಅಮುಕು, ಇನ್ನೂ ಅಮುಕು" ಎಂದು ಅವಳು ಪ್ರಾಣ ತಿನ್ನುತ್ತಿದ್ದಳು. ಹೆಸರು ಬಂದದ್ದೇ ಹಾಗೆ.

ಲೆಕ್ಕ ಸರಳ. ಸೀಸನ್ ಶುರುವಿನಲ್ಲಿ, ಮೈ ದಣಿಯದೆ ಇದ್ದಾಗ, ಯಾರು ಎಷ್ಟು ಅಮುಕುತ್ತಾರೆಂದು ನೋಡಿಟ್ಟುಕೊಳ್ಳುವುದು. ಮ್ಯಾಚಾದ ಮೇಲೆ ಮುಳ್ಳು ಅದಕ್ಕಿಂತ ತೀರ ಕೆಳಗೆ ನಿಂತರೆ ತೊಡೆ ಇನ್ನೂ ಸುಧಾರಿಸಿಲ್ಲ, ಆಡಿಸಿದರೆ ಹರಿಯುತ್ತದೆ ಎಂದರ್ಥ. ಅಂಥವನು ಮುಂದಿನ ಮ್ಯಾಚಿಗೆ ಹೊರಗೆ. ಹೊರಗೆ ಕೂತವನ ಜಾಗಕ್ಕೆ ಇನ್ನೊಬ್ಬ ಬಂದು ಒಂದು ಗೋಲು ಹೊಡೆದನೋ, ಕೂತವನನ್ನು ಕೇಳುವವರಿಲ್ಲ.

ತಂಡದಲ್ಲಿ ಎಡಬದಿಯ ಡಿಫೆಂಡರ್ ಅವಳ ಸ್ವಂತ ತಮ್ಮ. ತಂದೆತಾಯಿ ಇಲ್ಲದವನನ್ನು ಎತ್ತಿ ಆಡಿಸಿ ಬೆಳೆಸಿದವಳೇ ಅವಳು. ಹಿಂದಿನ ಸೀಸನ್ನಿನಲ್ಲಿ ತೊಡೆನೋವೆಂದು ಗೋಲ್‌ಕೀಪರನನ್ನು ಹೊರಗಿಟ್ಟು, ಅಷ್ಟೇ ನೋವಿದ್ದ ತಮ್ಮನನ್ನು ಮಾತ್ರ ಆಡಲು ಬಿಟ್ಟಳೆಂದು ಗುಸುಗುಸು ಎದ್ದಿತ್ತು. ಅಕ್ಕ ಸುಮ್ಮನಿರುವ ಜನವೇ? ಎಲ್ಲರನ್ನೂ ನಿಲ್ಲಿಸಿಕೊಂಡು, "ಇನ್ಮೇಲೆ ಮುಳ್ಳು ಹೇಳಿದ್ದೇ ಮಾತು. ಅವನಿಗೂ ಅಷ್ಟೇ, ನಿಮಗೂ ಅಷ್ಟೇ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಎಲ್ಲರ ಬಾಯಿಗೂ ಬೀಗ ಬಿತ್ತು.

ಈ ಸೀಸನ್ ಕೊನೆಯ ಮ್ಯಾಚಿಗೆ ದೊಡ್ಡ ಕ್ಲಬ್ಬಿನವರು ಅವಳ ತಮ್ಮನನ್ನು ನೋಡಲು ಬರುವವರಿದ್ದರು. ಅದರ ಹಿಂದಿನ ಮ್ಯಾಚು ಮುಗಿದ ಸಂಜೆ, ಮನೆಯ ಮೆಟ್ಟಿಲು ಹತ್ತುವಾಗ ಅವನು ಪ್ಯಾಂಟಿನ ಬಟ್ಟೆ ಹಿಡಿದು ಎಡಗಾಲನ್ನು ಕೈಯಿಂದ ಎತ್ತಿಡುತ್ತಿದ್ದುದು ಅಡುಗೆಮನೆಯಲ್ಲಿದ್ದ ಅಕ್ಕನ ಕಣ್ಣಿಗೆ ಬಿತ್ತು. ಏನೋ ಅದು ಎಂದರೆ, "ಏನಿಲ್ಲಕ್ಕ, ಬಸ್ಸಲ್ಲಿ ಕೂತೂ ಕೂತೂ ಜೋಮು ಹಿಡಿದಿದೆ" ಅಂದನಂತೆ. ಮರುದಿನ ಬೆಂಚಿನ ಮೇಲೆ ಅಮುಕಿಸಿದಳು. ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತು.

ಇದನ್ನೆಲ್ಲ ನನಗೆ ಹೇಳಿದ್ದು ಅವಳೇ. ತಂಡದ ಬಟ್ಟೆ ಒಗೆದು ಮಡಿಚಿಡುವ ಕೆಲಸ ನನ್ನದು, ಅವತ್ತು ಬಂದು ನನ್ನ ಪಕ್ಕ ನಿಂತಳು.

"ಮೀಟರ್ ಸುಳ್ಳು ಹೇಳ್ತಿದೆ ಅನ್ಸತ್ತೆ."

"ಹಾಗಾದ್ರೆ ಅವನನ್ನ ಕೂರ್ಸಮ್ಮ" ಎಂದೆ.

"ಏನಂತ ಕೂರಿಸ್ಲಿ? ಮನೇಲಿ ನೋಡ್ದೆ ಅಂತಾನಾ? ಮಿಕ್ಕವರು ಮೆಟ್ಟಿಲು ಹತ್ತೋದನ್ನ ಹೋಗಿ ನೋಡ್ತೀನಾ ನಾನು?"

ನ್ಯಾಯವಾದ ಮಾತೇ. ಹಾಳು ನ್ಯಾಯ. ಅವಳು ಅವನನ್ನು ಆಡಲು ಬಿಟ್ಟಳು.

ಮ್ಯಾಚಿನಲ್ಲಿ ಅವನ ಹತ್ತಿರ ಯಾರೂ ಇರಲಿಲ್ಲ. ಚೆಂಡನ್ನು ದೂರಕ್ಕೆ ಒದೆಯಲು ತಿರುಗಿದವನು ತೊಡೆಸಂದಿ ಹಿಡಿದುಕೊಂಡು ಕುಸಿದ. ಒಳತೊಡೆಯ ಸ್ನಾಯು ಮೂಳೆಯಿಂದಲೇ ಕಿತ್ತುಬಂದಿದೆ, ನಡೆಯಬಹುದು, ಆಟದ ಆಸೆ ಬಿಡಿ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿ ಅವನು ಅಕ್ಕನ ಕೈ ಹಿಡಿದು ಮಗುವಿನ ಹಾಗೆ ಅತ್ತ. "ನಿಂಗೆ ಮೋಸ ಮಾಡಿದೆ ಕಣಕ್ಕ. ಸೀಸನ್ ಶುರೂಲಿ ಬೇಕಂತ್ಲೇ ಮೆತ್ತಗೆ ಅಮುಕಿದ್ದೆ. ಆಮೇಲೆ ನೋವಿದ್ರೂ ಮುಳ್ಳು ಅಷ್ಟಕ್ಕೆ ಬರ್ಲಿ ಅಂತ. ನಿಂಗೆ ಹೇಗೆ ಗೊತ್ತಾಗ್ಬೇಕು? ನಿನ್ನ ತಪ್ಪೇನಿಲ್ಲ."

ಅಲ್ಲಿಗೆ ಅವಳು ತಲೆ ಸವರಿ ಸುಮ್ಮನಾಗಿಬಿಡಬಹುದಿತ್ತು. ಸುಮ್ಮನಿರಲಿ ದೇವರೇ ಎಂದು ನಾನು ಬಾಗಿಲ ಬಳಿ ನಿಂತು ಬೇಡಿಕೊಂಡೆ.

"ನಂಗೆ ಗೊತ್ತಿತ್ತು ಕಣೋ" ಎಂದಳು. "ಅವತ್ತು ನೀನು ಮೆಟ್ಟಿಲು ಹತ್ತೋವಾಗ್ಲೇ ಗೊತ್ತಾಯ್ತು."

ಅವನ ಅಳು ನಿಂತಿತು. "ಮತ್ತೆ ಯಾಕೆ ಆಡಕ್ಕೆ ಬಿಟ್ಟೆ?"

"ಎಲ್ಲರಿಗೂ ಒಂದೇ ಅಂತ ಹೇಳಿದ್ದೆನಲ್ಲ."

"ನಾನೂ ಎಲ್ಲರ ಹಾಗೇನಾ ಅಕ್ಕ ನಿಂಗೆ?"

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ.

ಈಗ ಅವನನ್ನು ನಡೆಸಲು ಬೇರೆ ಫಿಸಿಯೋ ಮನೆಗೆ ಬರುತ್ತಾನೆ. ಅಕ್ಕ ತನ್ನ ಕಾಲು ಮುಟ್ಟುವುದು ಬೇಡವೆಂದು ತಮ್ಮನೇ ಹೇಳಿದ್ದಾನೆ. ಆ ಹೊತ್ತಿಗೆ ಅವಳು ಹೊರಗೆ ಹೋಗಿ ಬೀದಿಯಲ್ಲಿ ನಿಂತಿರುತ್ತಾಳೆ.