ಇಲ್ಲದ ಗೂಡು ಕಂಡ ಕಣ್ಣು

ಮಹಾರಾಜರ ಕಾಲದಲ್ಲಿ ಚನ್ನಪಟ್ಟಣದ ನಮ್ಮ ಮನೆಯಲ್ಲಿ ಒಂದೇ ಚರಕವಿತ್ತು. ಅಣ್ಣ ಚಕ್ರ ತಿರುಗಿಸುತ್ತಿದ್ದ. ಬಿಸಿನೀರಿನ ಬಾಣಲೆಯ ಮುಂದೆ ಮಣೆ ಹಾಕಿ ಕೂತು ರೇಷ್ಮೆಗೂಡಿನಿಂದ ನೂಲು ಬಿಚ್ಚುವುದು ಅವ್ವನ ಮತ್ತು ನನ್ನ ಕೆಲಸ, ಸರದಿಯಂತೆ. ಹತ್ತು ಗೂಡಿನ ಎಳೆ ಸೇರಿದರೆ ಒಂದು ನೂಲು. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆ ಕೊಡಬೇಕು, ಇಲ್ಲದಿದ್ದರೆ ನೂಲು ಸಣ್ಣಗಾಗುತ್ತದೆ. ಹದಿನಾಲ್ಕರ ಹುಡುಗಿಗೆ ಆ ಮಣೆ ಸಿಕ್ಕಿದ್ದು ಸಣ್ಣ ಮಾತಲ್ಲ. ನಾನು ಸ್ವಲ್ಪ ಮೆರೆಯುತ್ತಲೂ ಇದ್ದೆ.

ಒಂದು ಬೆಳಿಗ್ಗೆ ನೋಟದ ನಡುವೆ ಚುಕ್ಕೆಯೊಂದು ಮಿನುಗಿತು. ಅದು ಬೆಳೆದು, ಗರಗಸದ ಹಲ್ಲಿನಂತಾಗಿ, ಥಳಥಳಿಸುತ್ತ ಬಲಕ್ಕೆ ಹರಡಿತು. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಮುಚ್ಚಿದೆ, ಎರಡೂ ಮುಚ್ಚಿದೆ, ಅದು ಹೋಗಲಿಲ್ಲ. ತಪ್ಪು ಕಣ್ಣಿನದಲ್ಲ, ಅದರ ಹಿಂದಿರುವ ತಲೆಯದು ಎಂದು ಆಗಲೇ ಗೊತ್ತಾಯಿತು. ಆದರೆ ಮೋಸ ಇದ್ದದ್ದು ಬೇರೆ ಕಡೆ. ಆ ಹಲ್ಲುಗಳ ಒಳಗೆ ನೋಟವೇ ಇರಲಿಲ್ಲ, ಆದರೂ ಅಲ್ಲಿ ಕಪ್ಪು ಕಾಣಲಿಲ್ಲ. ಸುತ್ತಲಿನ ನೀರನ್ನೂ ಗೂಡನ್ನೂ ತಂದು ನನ್ನ ತಲೆಯೇ ಆ ತೂತಿಗೆ ತೇಪೆ ಹಾಕಿತ್ತು. ನನಗೆ ಹತ್ತೂ ಗೂಡು ಕಂಡವು. ನೋಟ ತಿಳಿಯಾದ ಮೇಲೆ ಎಣಿಸಿದರೆ ಇದ್ದದ್ದು ಆರು, ಉಳಿದವು ಯಾವಾಗಲೋ ಮುಗಿದಿದ್ದವು. ಆಮೇಲೆ ಅರ್ಧ ತಲೆ ಸಿಡಿಯತೊಡಗಿತು.

ಸಂಜೆ ಅಪ್ಪ ನೂಲನ್ನು ಬೆರಳಲ್ಲಿ ಉಜ್ಜಿ ನೋಡಿ, ಇದೇನು ಎಂದು ಕೇಳಿದ. ಇದ್ದದ್ದು ಇದ್ದಂತೆ ಹೇಳಿದೆ. ಅವನು ಕೆಟ್ಟವನಲ್ಲ, ಹೀಗೂ ಆಗುವುದುಂಟೇ ಎಂದು ಅವ್ವನ ಕಡೆ ತಿರುಗಿದ.

“ಅಂಗೆಲ್ಲ ಯಾರ್ಗೂ ಆಗಾಕಿಲ್ಲ,” ಅಂದಳು ಅವ್ವ. “ಕೆಲ್ಸ ಕದ್ದು ಸುಳ್ ಯೋಳ್ತಾವ್ಳೆ.”

ಮರುದಿನದಿಂದ ಮಣೆ ಪೂರ್ತಿ ಅವಳದಾಯಿತು, ನನಗೆ ಸೌದೆ ಮತ್ತು ಮುಸುರೆ. ಆಗ ಕಾನಕಾನಹಳ್ಳಿ ಎನ್ನುತ್ತಿದ್ದ ಕನಕಪುರಕ್ಕೆ ಮದುವೆಯಾಗಿ ಹೋದ ಮೇಲೂ ತಲೆನೋವಿನ ಬಗ್ಗೆ ಬಾಯಿ ಬಿಡಲಿಲ್ಲ. ಹೆತ್ತವಳೇ ಸುಳ್ಳಿ ಅಂದ ಮೇಲೆ ಇನ್ಯಾರು ನಂಬುತ್ತಾರೆ?

ವರ್ಷಗಳ ನಂತರ ಅವ್ವ ನಮ್ಮ ಮನೆಗೆ ಬಂದಿದ್ದಳು. ಎಂಟು ವರ್ಷದ ನನ್ನ ಮಗಳು ಅಳುತ್ತ ಬಂದು, ಅಜ್ಜಿಯ ಅರ್ಧ ಮುಖವೇ ಕಾಣುತ್ತಿಲ್ಲ ಎಂದಳು. ನಾನು ಏಳುವಷ್ಟರಲ್ಲಿ ಅವ್ವ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣಿಗೆ ಸೆರಗು ಹೊದಿಸಿದ್ದಳು.

“ಎದರ್ಕಬ್ಯಾಡ ಕಣವ್ವ. ಗರಗಸ್ದಂಗೆ ಬತ್ತದೆ, ಒಸಿ ಹೊತ್ಗೆ ಅಂಚಿಗೆ ಸರ್ದು ಒಂಟೋಯ್ತದೆ. ನಂಗೂ ಚಿಕ್ಕೋಳಾಗಿದ್ದಾಗ್ಲಿಂದ ಐತೆ.”

ಮಗಳು ನಿದ್ದೆ ಹೋದ ಮೇಲೆ, ಅಂದು ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವ್ವ ತಲೆ ಎತ್ತಲಿಲ್ಲ.

“ಯೋಳಿದ್ರೆ ನಿಮ್ಮಪ್ಪ ನನ್ನೂ ಬಾಣ್ಲೆ ಮುಂದ್ಲಿಂದ ಎಬ್ಬಿಸ್ಬುಡ್ತಿದ್ದ.”

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮವ್ವನಿಗೆ ಮಣೆಯೇ ಮುದ್ದಾಯಿತು. ಮೊಮ್ಮಗಳಿಗೆ ಹೇಳಿದ ಆ ಎರಡು ಮಾತು ನನಗೆ ಹದಿನಾಲ್ಕರಲ್ಲಿ ಬೇಕಿತ್ತು. ಆ ಸಿಟ್ಟು, ಅವಳು ಸತ್ತ ಮೇಲೂ ಇಳಿದಿಲ್ಲ.